ಪಿಸ್ತೂಲು ಕೇಳಿದವನ ಪೂರ್ವಾಪರ



ಪೀಠಿಕೆ ಬೆಳೆಸದೆ ಒಂದು ಪ್ರಕರಣದಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ನಗರದ ಪಶ್ಚಿಮಕ್ಕೆ ಅರೋರಾ ಎಂಬ ಊರಿದೆ. ಆ ರಾಜ್ಯದಲ್ಲಿ ಬಂದೂಕು ಇಟ್ಟುಕೊಳ್ಳುವವರಿಗೆ ಗುರುತಿನ ಚೀಟಿಯೊಂದು ಬೇಕೆಂಬ ಕಾನೂನು 1968ರಷ್ಟು ಹಳೆಯದು. ಅರ್ಜಿ ಹಾಕಿದವನ ಹೆಸರು, ಹುಟ್ಟಿದ ತಾರೀಖು ಇಟ್ಟುಕೊಂಡು ರಾಜ್ಯ ಪೊಲೀಸರು ಅಪರಾಧ ದಾಖಲೆ ತಡಕುತ್ತಾರೆ. ಏನೂ ಸಿಗದಿದ್ದರೆ ಚೀಟಿ ಕೊಡುತ್ತಾರೆ. 2014ರ ಜನವರಿಯಲ್ಲಿ ಅರೋರಾದ ಕಾರ್ಮಿಕನೊಬ್ಬನಿಗೆ ಅದು ಸಿಕ್ಕಿತು. ಮಾರ್ಚ್‌ನಲ್ಲಿ ಅದನ್ನು ತೋರಿಸಿ ಅಂಗಡಿಯಲ್ಲಿ ಒಂದು ಸ್ಮಿತ್ ಆಂಡ್ ವೆಸನ್ ಪಿಸ್ತೂಲು ಕೊಂಡ. ಅಂಗಡಿಯವರು ಮಾಡಿಸಿದ ತಪಾಸಣೆಯಲ್ಲೂ ಏನೂ ಕಾಣಲಿಲ್ಲ. ಅವನು ಅಷ್ಟಕ್ಕೆ ಸುಮ್ಮನಿರಲಿಲ್ಲ. ಪಿಸ್ತೂಲನ್ನು ಅಂಗಿಯ ಮರೆಯಲ್ಲಿಟ್ಟುಕೊಂಡು ಓಡಾಡುವ ಇನ್ನೊಂದು ಪರವಾನಗಿಗೂ ಅರ್ಜಿ ಹಾಕಿದ. ಆ ಅರ್ಜಿಯ ಜೊತೆ ಬೆರಳಚ್ಚು ಕೊಟ್ಟರೆ ಬೇಗ ವಿಲೇವಾರಿ ಆಗುತ್ತದೆ ಎನ್ನುವುದು ಅಲ್ಲಿನ ನಿಯಮ. ಕೊಟ್ಟ. ಹೆಸರು ಹಿಡಿದು ಹುಡುಕಿದಾಗ ಸಿಗದೇ ಇದ್ದದ್ದು ಬೆರಳಚ್ಚಿನಲ್ಲಿ ಸಿಕ್ಕಿಬಿತ್ತು: 1995ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಹೆಂಗಸೊಬ್ಬಳ ಮೇಲೆ ಮಾರಣಾಂತಿಕ ಹಲ್ಲೆ ನಡೆಸಿದ್ದಕ್ಕೆ ಅವನಿಗೆ ಶಿಕ್ಷೆಯಾಗಿತ್ತು.

ಅರ್ಜಿ ತಿರಸ್ಕೃತವಾಯಿತು. ಮೊದಲು ಕೊಟ್ಟಿದ್ದ ಚೀಟಿಯೂ ರದ್ದಾಯಿತು. ನಿನ್ನ ಆಯುಧವನ್ನು ಒಪ್ಪಿಸು ಎಂದು ರಾಜ್ಯ ಪೊಲೀಸರು ಕಾಗದ ಬರೆದರು. ಕಾಗದ ಹೋಯಿತು, ಪಿಸ್ತೂಲು ಬರಲಿಲ್ಲ. ಬರಲಿಲ್ಲವಲ್ಲ ಎಂದು ವಿಚಾರಿಸಲು ಯಾರೂ ಅವನ ಮನೆ ಬಾಗಿಲಿಗೆ ಹೋಗಲಿಲ್ಲ. ಸುಮಾರು 5 ವರ್ಷ ಕಳೆದ ಮೇಲೆ, 2019ರ ಫೆಬ್ರವರಿ 15ರಂದು, ಕೆಲಸದಿಂದ ತೆಗೆದುಹಾಕಿದ ದಿನವೇ, ಅದೇ ಪಿಸ್ತೂಲಿನಿಂದ ಅವನು 5 ಮಂದಿ ಸಹೋದ್ಯೋಗಿಗಳನ್ನು ಕೊಂದ. ತಡೆಯಲು ಬಂದ ಪೊಲೀಸರಲ್ಲೂ 5 ಮಂದಿಗೆ ಗುಂಡು ತಗುಲಿತು.

ನಾನು ಹೇಳಬೇಕೆಂದು ಬಂದದ್ದೆಲ್ಲ ಈ ಒಂದು ಕಡತದಲ್ಲಿದೆ. ಪೂರ್ವಾಪರ ಪರಿಶೀಲನೆ ಎಂದ ಕೂಡಲೇ ಸರ್ಕಾರ ಮನುಷ್ಯನನ್ನು ಅಳೆದು ನೋಡುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ನೋಡುವುದು ಅವನ ಬಗ್ಗೆ ಎಲ್ಲೋ ಯಾರೋ ಬರೆದಿಟ್ಟ ಕಾಗದವನ್ನು. ಬರೆಯಬೇಕಾದವರು ಬರೆಯದಿದ್ದರೆ, ಬರೆದದ್ದು ಕೇಳಿದವರಿಗೆ ತಲುಪದಿದ್ದರೆ, ತಲುಪಿದ ಮೇಲೂ ಮುಂದಿನ ಹೆಜ್ಜೆ ಯಾರದೆಂದು ಗೊತ್ತಿಲ್ಲದಿದ್ದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ. ಬಂದೂಕು ಹಕ್ಕೋ ಅಲ್ಲವೋ ಎಂಬ ದೊಡ್ಡ ಜಗಳದಲ್ಲಿ ಈ ಗುಮಾಸ್ತಿಕೆಯ ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಅದೇ ಮುಖ್ಯವಾಗಿ ಕಂಡಿದೆ.

ಸ್ವಲ್ಪ ಚರಿತ್ರೆ ಹೇಳಲೇಬೇಕು. ಅಧ್ಯಕ್ಷ ಕೆನಡಿಯನ್ನು 1963ರಲ್ಲಿ ಕೊಂದ ಬಂದೂಕು ಅಂಚೆ ಮೂಲಕ ತರಿಸಿಕೊಂಡದ್ದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದರು. ಆ ವರ್ಷವೇ ಬಂದ ಬಂದೂಕು ನಿಯಂತ್ರಣ ಕಾಯ್ದೆ ಯಾರ್‍ಯಾರು ಬಂದೂಕು ಕೊಳ್ಳಕೂಡದು ಎಂದು ಪಟ್ಟಿ ಮಾಡಿತು: ಘೋರ ಅಪರಾಧಕ್ಕೆ ಶಿಕ್ಷೆಯಾದವರು, ತಲೆಮರೆಸಿಕೊಂಡವರು, ಮಾದಕ ವಸ್ತು ಸೇವಿಸುವವರು, ಬುದ್ಧಿ ಸ್ವಾಸ್ಥ್ಯವಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿದವರು. ಪಟ್ಟಿ ಏನೋ ಚೆನ್ನಾಗಿತ್ತು. ಆದರೆ ಎದುರಿಗೆ ನಿಂತ ಗಿರಾಕಿ ಪಟ್ಟಿಯಲ್ಲಿದ್ದಾನೋ ಇಲ್ಲವೋ ಎಂದು ನೋಡುವ ದಾರಿಯನ್ನು ಕಾಯ್ದೆ ಹೇಳಲಿಲ್ಲ. ಗಿರಾಕಿ ಒಂದು ನಮೂನೆ ತುಂಬಿ ‘ನಾನು ಅಂಥವನಲ್ಲ’ ಎಂದು ಸಹಿ ಹಾಕಿದರೆ ಮುಗಿಯಿತು. ಕಳ್ಳನನ್ನೇ ಕರೆದು ‘ನೀನು ಕಳ್ಳನೇನಪ್ಪಾ?’ ಎಂದು ಕೇಳಿ, ಅವನು ತಲೆ ಅಲ್ಲಾಡಿಸಿದ್ದನ್ನು ಮಹಜರಿನಲ್ಲಿ ಬರೆದುಕೊಂಡಂತೆ. ಈ ವ್ಯವಸ್ಥೆ 25 ವರ್ಷ ನಡೆಯಿತು.

1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹೋಟೆಲೊಂದರ ಹೊರಗೆ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿತು. ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿಯವರ ತಲೆಗೆ ಗುಂಡು ಹೊಕ್ಕು ಅವರು ಜೀವನವಿಡೀ ಅಂಗವಿಕಲರಾಗಿ ಉಳಿದರು. ಆ ರಿವಾಲ್ವರನ್ನು ಡಲ್ಲಾಸ್‌ನ ಗಿರವಿ ಅಂಗಡಿಯಲ್ಲಿ ಕೊಂಡವನು ನಮೂನೆಯಲ್ಲಿ ಬರೆದ ವಿಳಾಸವೇ ಸುಳ್ಳಾಗಿತ್ತು. ಅದನ್ನು ಕೊಳ್ಳುವುದಕ್ಕೆ ಕೆಲವೇ ದಿನ ಮುಂಚೆ ನ್ಯಾಶ್‌ವಿಲ್ ವಿಮಾನ ನಿಲ್ದಾಣದಲ್ಲಿ 3 ಕೈಬಂದೂಕುಗಳ ಸಮೇತ ಸಿಕ್ಕಿಬಿದ್ದಿದ್ದ. ಆ ಅಂಗಡಿಯವನಿಗೆ ಇದನ್ನು ತಿಳಿಸುವವರು ಯಾರೂ ಇರಲಿಲ್ಲ. ಬ್ರಾಡಿ ದಂಪತಿ ವರ್ಷಗಟ್ಟಲೆ ಹೋರಾಡಿ ತಂದ ಕಾಯ್ದೆಗೆ 1993ರ ನವೆಂಬರ್ 30ರಂದು ಸಹಿ ಬಿತ್ತು. ಪಿಸ್ತೂಲು, ರಿವಾಲ್ವರ್ ಕೊಳ್ಳುವವನು 5 ದಿನ ಕಾಯಬೇಕು, ಅಷ್ಟರಲ್ಲಿ ಸ್ಥಳೀಯ ಪೊಲೀಸ್ ಮುಖ್ಯಸ್ಥ ವಿಚಾರಣೆ ಮಾಡಬೇಕು ಎಂದಿತು ಕಾಯ್ದೆ. ಮೊಂಟಾನಾ, ಅರಿಜೋನಾ ರಾಜ್ಯಗಳ ಇಬ್ಬರು ಷೆರಿಫ್‌ಗಳು ‘ನಮಗೆ ಸಂಬಳ ಕೊಡುವವರು ಬೇರೆ, ಕೆಲಸ ಹೇಳುವವರು ಬೇರೆಯೋ?’ ಎಂದು ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅವರ ಮಾತನ್ನೇ ಎತ್ತಿಹಿಡಿಯಿತು. ಒಕ್ಕೂಟ ವ್ಯವಸ್ಥೆಯನ್ನು ಓದುವ ವಿದ್ಯಾರ್ಥಿಗಳು ಪ್ರಿಂಟ್ಜ್ ಎಂಬ ಹೆಸರಿನ ಈ ಪ್ರಕರಣವನ್ನು ಅವಶ್ಯ ನೋಡಬೇಕು. ನಮ್ಮಲ್ಲಿ ಕೇಂದ್ರ ಮಾಡಿದ ಆಯುಧ ಕಾಯ್ದೆಯನ್ನು ರಾಜ್ಯದ ಠಾಣಾಧಿಕಾರಿ ಜಾರಿ ಮಾಡುವುದು ಎಷ್ಟು ಸಹಜವೋ, ಅಲ್ಲಿ ಅದು ಅಷ್ಟೇ ಅಸಾಂವಿಧಾನಿಕ.

ಮರುವರ್ಷ, 1998ರ ನವೆಂಬರ್ 30ರಿಂದ, ಈ ವಿಚಾರಣೆಯ ಕೆಲಸ ಒಕ್ಕೂಟದ ತನಿಖಾ ಸಂಸ್ಥೆ ಎಫ್‌ಬಿಐ ಕೈಗೆ ಬಂತು. ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಕಚೇರಿ. ಲೈಸೆನ್ಸ್ ಇರುವ ವ್ಯಾಪಾರಿ ಗಿರಾಕಿಯಿಂದ 4473 ಎಂಬ ಸಂಖ್ಯೆಯ ನಮೂನೆ ತುಂಬಿಸಿಕೊಂಡು ಅಲ್ಲಿಗೆ ವಿವರ ಕಳಿಸುತ್ತಾನೆ. ಅಲ್ಲಿಯವರು 3 ದತ್ತಸಂಚಯಗಳನ್ನು ನೋಡಿ ‘ಕೊಡಿ’, ‘ತಡೆಯಿರಿ’, ‘ಕೊಡಬೇಡಿ’ ಎಂಬ ಮೂರರಲ್ಲಿ ಒಂದು ಉತ್ತರ ಹೇಳುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ವಿಚಾರಣೆಗಳಿಗೆ ನಿಂತ ನಿಲುವಿನಲ್ಲೇ ಉತ್ತರ ಸಿಗುತ್ತದೆ. ‘ಕೊಡಿ’ ಎಂದ ವ್ಯವಹಾರದ ಗುರುತನ್ನು 24 ಗಂಟೆಯೊಳಗೆ ಅಳಿಸಿಹಾಕಬೇಕು. ಸರ್ಕಾರ ಬಂದೂಕು ಇದ್ದವರ ಪಟ್ಟಿ ಇಟ್ಟುಕೊಂಡೀತೆಂಬ ಭಯ ಅಲ್ಲಿ ಅಷ್ಟಿದೆ. ಅಕ್ಕಪಕ್ಕದ ಮನೆಯವರು ತಮ್ಮೊಳಗೆ ಕೊಟ್ಟುಕೊಳ್ಳುವ ಹಳೆಯ ಪಿಸ್ತೂಲಿಗೆ ಈ ಯಾವ ಒಕ್ಕೂಟ ತಪಾಸಣೆಯೂ ಇಲ್ಲ. ಕೆಲವು ರಾಜ್ಯಗಳು ತಮ್ಮದೇ ಕಾನೂನಿನಿಂದ ಆ ಕಂಡಿ ಮುಚ್ಚಿವೆ, ಹಲವು ಮುಚ್ಚಿಲ್ಲ.

‘ತಡೆಯಿರಿ’ ಎಂಬ ಉತ್ತರದಲ್ಲಿ ಒಂದು ವಿಶೇಷವಿದೆ. 3 ಕೆಲಸದ ದಿನಗಳೊಳಗೆ ಎಫ್‌ಬಿಐ ‘ಬೇಡ’ ಎನ್ನದಿದ್ದರೆ ವ್ಯಾಪಾರಿ ಮಾರಬಹುದು. ಸರ್ಕಾರದ ಸೋಮಾರಿತನಕ್ಕೆ ಪ್ರಜೆ ದಂಡ ತೆರಬಾರದು ಎಂಬುದು ಅದರ ಹಿಂದಿನ ತರ್ಕ. ತರ್ಕ ತಪ್ಪೆನ್ನಲಾರೆ. 2015ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ 21ರ ಯುವಕನೊಬ್ಬ ಪಿಸ್ತೂಲು ಕೇಳಿದ. ಕೆಲವೇ ವಾರಗಳ ಹಿಂದೆ ಅವನನ್ನು ಮಾದಕ ವಸ್ತು ಇಟ್ಟುಕೊಂಡ ಆರೋಪದ ಮೇಲೆ ಬಂಧಿಸಲಾಗಿತ್ತು, ಅವನು ಒಪ್ಪಿಕೊಂಡೂ ಇದ್ದ. ಆ ತಪ್ಪೊಪ್ಪಿಗೆ ಕಣ್ಣಿಗೆ ಬಿದ್ದಿದ್ದರೆ ಪಿಸ್ತೂಲು ಕೈಗೆ ಬರುತ್ತಿರಲಿಲ್ಲ. ಎಫ್‌ಬಿಐ ಪರಿಶೀಲಕಿ ವಿಚಾರಿಸಿದ್ದು ಲೆಕ್ಸಿಂಗ್ಟನ್ ಕೌಂಟಿಯಲ್ಲಿ. ಬಂಧಿಸಿದ್ದವರು ಕೊಲಂಬಿಯಾ ನಗರ ಪೊಲೀಸರು. ದಾಖಲೆಯಲ್ಲಿ ಬಂಧಿಸಿದ ಠಾಣೆಯ ವಿವರ ತಪ್ಪಾಗಿ ನಮೂದಾಗಿತ್ತು. ಹುಡುಕಾಟದಲ್ಲೇ 3 ದಿನ ಕಳೆಯಿತು, ಅಂಗಡಿಯವನು ಮಾರಿದ. ಜೂನ್ 17ರ ರಾತ್ರಿ ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತ ಕುಳಿತಿದ್ದ 9 ಮಂದಿ ಕಪ್ಪು ಜನರನ್ನು ಅವನು ಕೊಂದ. ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಮುಂದಿನ ತಿಂಗಳು ಪತ್ರಕರ್ತರ ಮುಂದೆ ಲೋಪವನ್ನು ಒಪ್ಪಿಕೊಂಡರು. ಅಂದಿನಿಂದ ಈ 3 ದಿನದ ನಿಯಮಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿದೆ. ನಿಯಮ ಮಾತ್ರ ಹಾಗೇ ಇದೆ. 2022ರಲ್ಲಿ 21 ತುಂಬದವರ ವಿಚಾರದಲ್ಲಿ ಅವಶ್ಯ ಬಿದ್ದರೆ 10 ಕೆಲಸದ ದಿನಗಳವರೆಗೆ ಹುಡುಕಬಹುದು ಎಂದು ಗಡುವನ್ನು ಅಷ್ಟಿಷ್ಟು ಹಿಗ್ಗಿಸಿದರು.

ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರ ಏಪ್ರಿಲ್ 16ರಂದು 32 ಮಂದಿ ಸತ್ತರು. ಅವರಲ್ಲಿ ಭಾರತದಿಂದ ಹೋಗಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಒಬ್ಬರು. ಕೊಂದ ವಿದ್ಯಾರ್ಥಿ 2 ಪಿಸ್ತೂಲುಗಳನ್ನೂ ತಪಾಸಣೆಗೆ ಒಳಪಟ್ಟೇ ಕೊಂಡಿದ್ದ. ತಿಂಗಳಿಗೆ ಒಂದೇ ಕೈಬಂದೂಕು ಎಂಬ ಅಂದಿನ ರಾಜ್ಯ ಕಾನೂನನ್ನೂ ಪಾಲಿಸಿದ್ದ. 2005ರ ಡಿಸೆಂಬರ್‌ನಲ್ಲಿ ಅವನು ತನಗೇ ಅಪಾಯಕಾರಿ ಎಂದು ವಿಶೇಷ ನ್ಯಾಯಾಧಿಕಾರಿಯೊಬ್ಬರು ತೀರ್ಮಾನಿಸಿ, ಆಸ್ಪತ್ರೆಗೆ ಸೇರದೆಯೇ ಹೊರರೋಗಿಯಾಗಿ ಚಿಕಿತ್ಸೆ ಪಡೆಯುವಂತೆ ಆದೇಶಿಸಿದ್ದರು. ಒಕ್ಕೂಟ ಕಾನೂನಿನ ಲೆಕ್ಕದಲ್ಲಿ ಅಷ್ಟೇ ಸಾಕಿತ್ತು ಅವನನ್ನು ತಡೆಯಲು. ವರ್ಜೀನಿಯಾ ರಾಜ್ಯದ ಪದ್ಧತಿಯಲ್ಲಿ ಆಸ್ಪತ್ರೆಗೆ ಸೇರಿಸಿದವರ ಹೆಸರು ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಅವನು ಸೇರಿರಲಿಲ್ಲ, ಹೆಸರು ಹೋಗಲಿಲ್ಲ. ದಾಖಲೆ ಕಳಿಸುವ ರಾಜ್ಯಗಳಿಗೆ ಹಣ ಕೊಡುವ ಕಾಯ್ದೆಗೆ 2008ರ ಜನವರಿಯಲ್ಲಿ ಸಹಿಯಾಯಿತು. ಅದಾಗಿಯೂ 2017ರಲ್ಲಿ ಟೆಕ್ಸಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ರೈಫಲ್ಲಿನಿಂದ ಹತ್ಯಾಕಾಂಡ ನಡೆಸಿದವನಿಗೆ ಮನೆಯವರ ಮೇಲಿನ ಹಲ್ಲೆಗಾಗಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತೆಂಬುದನ್ನು ಅಮೆರಿಕದ ವಾಯುಪಡೆಯೇ ಎಫ್‌ಬಿಐಗೆ ತಿಳಿಸಿರಲಿಲ್ಲ. ನೊಂದ ಕುಟುಂಬಗಳು ಹೂಡಿದ ದಾವೆಯಲ್ಲಿ ಹೊಣೆಯ ಶೇ. 60 ಭಾಗ ಸರ್ಕಾರದ್ದು ಎಂದು 2021ರಲ್ಲಿ ನ್ಯಾಯಾಧೀಶರು ಬರೆದರು. ಗುಮಾಸ್ತಿಕೆಗೆ ಇಷ್ಟು ದೊಡ್ಡ ಬೆಲೆ ಕಟ್ಟಿದ ತೀರ್ಪನ್ನು ನಾನು ಬೇರೆಲ್ಲೂ ಓದಿಲ್ಲ.

ಇನ್ನು ಆ 4473 ನಮೂನೆಯ ಕಡೆ ಬರೋಣ. ಎಷ್ಟೇ ಕಂಪ್ಯೂಟರ್ ಬಂದರೂ ಅದರ ಅರ್ಧ ಭಾಗ ಇಂದಿಗೂ ಗಿರಾಕಿಯ ಬಾಯಿಮಾತು. ನೀವು ಗಾಂಜಾ ಅಥವಾ ಇತರ ಮಾದಕ ವಸ್ತು ಬಳಸುತ್ತೀರಾ ಎಂಬ ಪ್ರಶ್ನೆಯ ಕೆಳಗೆ, ನಿಮ್ಮ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದರೂ ಒಕ್ಕೂಟ ಕಾನೂನಿನಲ್ಲಿ ಅಪರಾಧವೇ ಎಂದು ಎಚ್ಚರಿಕೆ ಅಚ್ಚಾಗಿದೆ. ‘ಇಲ್ಲ’ ಎಂದು ಬರೆದವನು ನಿಜ ಹೇಳಿದನೋ ಎಂದು ಯಾವ ದತ್ತಸಂಚಯವೂ ಹೇಳಲಾರದು. 2018ರಲ್ಲಿ ರಿವಾಲ್ವರ್ ಕೊಳ್ಳುವಾಗ ಹೀಗೆ ಸುಳ್ಳು ಬರೆದರೆಂದು 2024ರ ಜೂನ್‌ನಲ್ಲಿ ಅಂದಿನ ಅಧ್ಯಕ್ಷರ ಮಗ ಹಂಟರ್ ಬೈಡನ್ ಅವರನ್ನು ಡೆಲವೇರ್‌ನ ಜ್ಯೂರಿ ತಪ್ಪಿತಸ್ಥರೆಂದಿತು. ಡಿಸೆಂಬರ್‌ನಲ್ಲಿ ತಂದೆ ಕ್ಷಮಾದಾನ ಕೊಟ್ಟರು. ಅಂಗಡಿಯ ತಪಾಸಣೆಯಲ್ಲಿ ಹೊರಬಂದ ಸತ್ಯವಲ್ಲ ಅದು, ಅವರೇ ಬರೆದ ಆತ್ಮಕಥೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಂತಿತು.

ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರಿಗೆ ಸಂಬಂಧಿಸಿದ ಪ್ರಶ್ನೆಯೂ ಅದೇ ನಮೂನೆಯಲ್ಲಿದೆ: ನೀವು ವಲಸೆಯೇತರ ವೀಸಾದ ಮೇಲೆ ಬಂದವರೇ? ಎಚ್-1ಬಿ ಮೇಲೆ ಹೋದ ಎಂಜಿನಿಯರಾಗಲಿ, ಓದಲು ಹೋದ ವಿದ್ಯಾರ್ಥಿಯಾಗಲಿ ಅಲ್ಲಿ ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವಂತೆಯೂ ಇಲ್ಲ. 1998ರಲ್ಲಿ ಸೇರಿದ ನಿಷೇಧ ಇದು. ಹಸಿರು ಕಾರ್ಡು ಬಂದ ಮೇಲೆ ತೊಡಕಿಲ್ಲ. ಆದರೆ ನಿಷೇಧಕ್ಕೊಂದು ವಿನಾಯಿತಿಯಿದೆ, ನಗು ತರಿಸುವಂಥದ್ದು: ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಕೊಳ್ಳಬಹುದು. ಇರುವೆಯನ್ನೂ ತುಳಿಯದ ನಮ್ಮ ಜಯನಗರದ ಹುಡುಗ ಪಿಸ್ತೂಲು ಬೇಕೆಂದರೆ ಕಾಗದದ ಮೇಲಾದರೂ ಬೇಟೆಗಾರನಾಗಬೇಕು. ಇದನ್ನು ಲಘುವಾಗಿ ಹೇಳಿದೆ, ಪರಿಣಾಮ ಲಘುವಲ್ಲ. ಕಾಲೇಜಿನಿಂದ ಹೊರಹಾಕಿಸಿಕೊಂಡು ವೀಸಾ ಸ್ಥಾನಮಾನ ಕಳೆದುಕೊಂಡಿದ್ದ ಅರಬ್ ಸಂಯುಕ್ತ ಸಂಸ್ಥಾನದ ಯುವಕನೊಬ್ಬ ಫ್ಲಾರಿಡಾದ ಗುರಿ ಅಭ್ಯಾಸದ ಅಂಗಳದಲ್ಲಿ ಗುಂಡು ಹಾರಿಸಿದ್ದಕ್ಕೇ ಜೈಲು ಸೇರಿದ. 2019ರಲ್ಲಿ ಸುಪ್ರೀಂ ಕೋರ್ಟ್, ತಾನು ಅಕ್ರಮವಾಗಿ ಉಳಿದಿದ್ದೇನೆಂದು ಅವನಿಗೆ ಗೊತ್ತಿತ್ತೆಂಬುದನ್ನೂ ಸರ್ಕಾರ ಸಾಬೀತು ಮಾಡಬೇಕೆಂದಿತು. ಸ್ನೇಹಿತರು ವಾರಾಂತ್ಯಕ್ಕೆ ಇಂಥ ಅಂಗಳಕ್ಕೆ ಕರೆದರೆ ನಮ್ಮ ಹುಡುಗರು ವೀಸಾ ನೋಡಿಕೊಂಡು ಹೋಗುವುದು ಒಳ್ಳೆಯದು.

ಇಷ್ಟು ಹೊತ್ತು ಹೇಳಿದ್ದು ಕಾಗದದ ತಪಾಸಣೆ. ಅದಕ್ಕಿಂತ ಹಳೆಯದು ಅಧಿಕಾರಿಯ ತಪಾಸಣೆ. ಕಾದಂಬರಿಕಾರ ಡೇವಿಡ್ ಗ್ರಹಾಂ ಫಿಲಿಪ್ಸ್ ಅವರನ್ನು 1911ರ ಜನವರಿಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಗುಂಡಿಟ್ಟು ಕೊಂದ ಮೇಲೆ, ಅದೇ ವರ್ಷ ಅಲ್ಲಿ ಸಲಿವನ್ ಕಾಯ್ದೆ ಬಂತು: ಬಚ್ಚಿಟ್ಟುಕೊಳ್ಳಬಲ್ಲ ಕೈಬಂದೂಕಿಗೆ ಪರವಾನಗಿ ಬೇಕು. ಮುಂದೆ ಅದನ್ನು ಜೊತೆಗಿಟ್ಟುಕೊಂಡು ತಿರುಗಬೇಕೆನ್ನುವವನು ‘ಸಕಾರಣ’ ತೋರಿಸಬೇಕಾಯಿತು. ಸಕಾರಣವೋ ಅಲ್ಲವೋ ಎಂದು ತೀರ್ಮಾನಿಸುವವನು ಅಧಿಕಾರಿ. ನನ್ನ ಪ್ರದೇಶದಲ್ಲಿ ಕಳ್ಳತನ ಹೆಚ್ಚು ಎಂದರೆ ಸಾಲದು, ಉಳಿದ ಜನರಿಗಿಲ್ಲದ ಅಪಾಯ ನನಗೊಬ್ಬನಿಗಿದೆ ಎಂದು ತೋರಿಸಬೇಕು.

ಮೇಲ್ನೋಟಕ್ಕೆ ವಿವೇಕದ ಮಾತು. ಅಧಿಕಾರಿಯ ಇಷ್ಟಾನಿಷ್ಟದ ಇನ್ನೊಂದು ಮುಖ ಕಾಣಬೇಕಾದರೆ ಅಲಬಾಮಾಕ್ಕೆ ಹೋಗಬೇಕು. 1956ರ ಜನವರಿ 30ರಂದು ಮಾಂಟ್‌ಗೊಮೆರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಒಳಗೆ ಹೆಂಡತಿಯೂ ಎಳೆಯ ಮಗಳೂ ಇದ್ದರು. ಅದರ ಬೆನ್ನಿಗೆ ಕಿಂಗ್ ಅವರು ಬಂದೂಕು ಒಯ್ಯುವ ಪರವಾನಗಿಗೆ ಅರ್ಜಿ ಹಾಕಿದರು. ಕಾರಣ ಇಲ್ಲವೆನ್ನಲು ಸಾಧ್ಯವಿತ್ತೇ? ಅರ್ಜಿ ತಿರಸ್ಕೃತವಾಯಿತು. ಉತ್ತರ ಕೆರೊಲಿನಾದಲ್ಲಿ 1919ರಿಂದ ಪಿಸ್ತೂಲು ಕೊಳ್ಳಲು ಷೆರಿಫ್‌ನ ಅನುಮತಿ ಬೇಕಿತ್ತು. ಅರ್ಜಿದಾರ ‘ಸಚ್ಚಾರಿತ್ರ್ಯ’ದವನೆಂದು ಷೆರಿಫ್‌ಗೆ ಮನವರಿಕೆಯಾಗಬೇಕು. ವರ್ಣಭೇದದ ಆ ಕಾಲದಲ್ಲಿ ಕಪ್ಪು ಜನರ ಚಾರಿತ್ರ್ಯವನ್ನು ಬಿಳಿಯ ಷೆರಿಫ್ ಹೇಗೆ ತೂಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. 2023ರ ಮಾರ್ಚ್ 29ರಂದು, ರಾಜ್ಯಪಾಲ ರಾಯ್ ಕೂಪರ್ ಹಾಕಿದ ವಿಟೋವನ್ನು ಮೀರಿ, ಶಾಸನಸಭೆ ಆ ಕಾನೂನನ್ನು ಕಿತ್ತುಹಾಕಿತು. ಖಾಸಗಿಯಾಗಿ ಕೈ ಬದಲಿಸುವ ಪಿಸ್ತೂಲಿಗೆ ಅಲ್ಲಿದ್ದ ಒಂದೇ ತಪಾಸಣೆಯೂ ಅದರ ಜೊತೆ ಹೋಯಿತು. ಅಧಿಕಾರಿಯ ಪಕ್ಷಪಾತವನ್ನು ತೆಗೆಯಲು ತಪಾಸಣೆಯನ್ನೇ ತೆಗೆಯಬೇಕಿರಲಿಲ್ಲ. ಅನುಮತಿ ಪದ್ಧತಿಯನ್ನು 1995ರಲ್ಲಿ ತಂದ ಕನೆಕ್ಟಿಕಟ್‌ನಲ್ಲಿ ಬಂದೂಕಿನ ಕೊಲೆಗಳು ಇಳಿದವೆಂದೂ, 2007ರಲ್ಲಿ ಅದನ್ನು ರದ್ದು ಮಾಡಿದ ಮಿಸ್ಸೌರಿಯಲ್ಲಿ ಏರಿದವೆಂದೂ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ.

ನ್ಯೂಯಾರ್ಕಿನ ‘ಸಕಾರಣ’ 2022ರ ಜೂನ್ 23ರಂದು ಬಿದ್ದುಹೋಯಿತು. ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 6-3ರ ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಹಕ್ಕನ್ನು ಚಲಾಯಿಸಲು ಪ್ರಜೆ ಅಧಿಕಾರಿಗೆ ಕಾರಣ ಒಪ್ಪಿಸಬೇಕಿಲ್ಲ ಎಂಬುದು ಅದರ ಸಾರ. ಆದರೆ ತೀರ್ಪಿನ ಒಂಬತ್ತನೆಯ ಅಡಿಟಿಪ್ಪಣಿಯನ್ನು ಮರೆಯಬಾರದು: ಪೂರ್ವಾಪರ ಪರಿಶೀಲನೆ, ತರಬೇತಿ ಮುಂತಾದ ಖಚಿತ ಷರತ್ತುಗಳ ಮೇಲೆ ಪರವಾನಗಿ ಕೊಡುವ ರಾಜ್ಯಗಳ ಪದ್ಧತಿಯನ್ನು ಈ ತೀರ್ಪು ಅಲುಗಿಸುವುದಿಲ್ಲ ಎಂದಿದೆ. ನ್ಯೂಯಾರ್ಕ್ ಸುಮ್ಮನೆ ಕೂರಲಿಲ್ಲ. ಕೆಲವೇ ದಿನಗಳಲ್ಲಿ ಹೊಸ ಕಾಯ್ದೆ ಮಾಡಿ 4 ಮಂದಿ ಪರಿಚಿತರ ಹೆಸರು, ಖುದ್ದು ಸಂದರ್ಶನ, 16 ಗಂಟೆಯ ಪಾಠ, 2 ಗಂಟೆಯ ಗುಂಡು ಹಾರಿಸುವ ಅಭ್ಯಾಸ, ಮನೆಯಲ್ಲಿರುವ ವಯಸ್ಕರ ವಿವರ, 3 ವರ್ಷದ ಸಾಮಾಜಿಕ ಜಾಲತಾಣ ಖಾತೆಗಳ ಪಟ್ಟಿ ಕೇಳಿತು. ಜಾಲತಾಣದ ಷರತ್ತನ್ನು ಮೇಲ್ಮನವಿ ನ್ಯಾಯಾಲಯ ತಡೆಹಿಡಿದಿದೆ, ಚಾರಿತ್ರ್ಯದ ಷರತ್ತನ್ನು ಉಳಿಸಿದೆ. ನನಗೆ ಇದರಲ್ಲಿ ಸರಿಯೆನಿಸಿದ್ದು ಆ 4 ಮಂದಿ ಪರಿಚಿತರು. ಅವರನ್ನು ಕರೆದು ಕೇಳುವಷ್ಟು ಪುರುಸೊತ್ತು ಅಧಿಕಾರಿಗಿದ್ದರೆ, ಯಾವ ದತ್ತಸಂಚಯದಲ್ಲೂ ಇಲ್ಲದ ಸಂಗತಿ ಹೊರಬೀಳುವುದು ಅಲ್ಲೇ. ಪುರುಸೊತ್ತಿಲ್ಲದಿದ್ದರೆ ಅದು ಇನ್ನೊಂದು ಲಗತ್ತು ಮಾತ್ರ.

ಈಗ ನಮ್ಮ ಮನೆಯ ಮಾತು. ನಮ್ಮಲ್ಲಿ ಬಂದೂಕು ಹಕ್ಕಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಮಿನಂತೆ ಅರ್ಜಿ ಬಂದೊಡನೆ ಲೈಸೆನ್ಸ್ ಪ್ರಾಧಿಕಾರ ಹತ್ತಿರದ ಠಾಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಪ್ರಾಧಿಕಾರ ಎಂದರೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಂಥ ಕಡೆ ಪೊಲೀಸ್ ಕಮಿಷನರ್. 2016ರ ನಿಯಮಗಳು ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರವನ್ನೂ ಕೇಳುತ್ತವೆ. ಅದೇ 13ನೇ ಕಲಮಿಗೆ ಒಂದು ಪರಂತುಕವಿದೆ: ಗೊತ್ತುಪಡಿಸಿದ ಅವಧಿಯೊಳಗೆ ಠಾಣೆಯ ವರದಿ ಬರದಿದ್ದರೆ, ಪ್ರಾಧಿಕಾರ ಸೂಕ್ತವೆಂದು ಕಂಡಲ್ಲಿ ವರದಿಗೆ ಕಾಯದೆ ಆದೇಶ ಮಾಡಬಹುದು. ಚಾರ್ಲ್ಸ್‌ಟನ್‌ನ ಕಂಡಿ ನಮ್ಮ ಗೋಡೆಯಲ್ಲೂ ಇದೆ. ವ್ಯತ್ಯಾಸವೆಂದರೆ ಅಲ್ಲಿ ಅದರ ಕೀಲಿ ವ್ಯಾಪಾರಿಯ ಕೈಲಿ, ಇಲ್ಲಿ ಅಧಿಕಾರಿಯ ಕೈಲಿ. 2019ರ ತಿದ್ದುಪಡಿ ಒಬ್ಬರಿಗೆ 2ಕ್ಕಿಂತ ಹೆಚ್ಚು ಬಂದೂಕು ಬೇಡವೆಂದಿತು. ಅದೇ ಉಸಿರಿನಲ್ಲಿ ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಮನುಷ್ಯ ಬದಲಾಗುವುದು ಎರಡು ನವೀಕರಣಗಳ ನಡುವೆ ತಾನೆ? ಆ ಅಂತರವನ್ನು ಹಿಗ್ಗಿಸಿದ್ದು ನನಗೆ ಸರಿ ಕಾಣಲಿಲ್ಲ.

ಕೊಡಗಿನ ಮಾತನ್ನು ಯಾರಾದರೂ ಕೇಳಿಯೇ ಕೇಳುತ್ತೀರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅದು ಪರಂಪರೆಯ ಪ್ರಶ್ನೆ, ಇಂದಿನ ವಿಷಯಕ್ಕೆ ನೇರ ಸೇರಿದ್ದಲ್ಲ.

ಸೇರುವ ಪ್ರಶ್ನೆ ಬೇರೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಎಂಎಂ ನಾಡಪಿಸ್ತೂಲು. ಅದಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ. ಹಾಗಾದರೆ ಅರ್ಜಿ ಹಾಕಿದವರನ್ನಷ್ಟೇ ಜಾಲಾಡುವ ಈ ತಪಾಸಣೆ ಯಾತಕ್ಕೆ? ನನ್ನ ಉತ್ತರ ಸರಳ. ಅರೋರಾದಲ್ಲಿ, ಚಾರ್ಲ್ಸ್‌ಟನ್‌ನಲ್ಲಿ, ವರ್ಜೀನಿಯಾದಲ್ಲಿ ಕೊಂದವರು ಕಳ್ಳಸಂತೆಗೆ ಹೋಗಲಿಲ್ಲ; ಸಾಲಿನಲ್ಲಿ ನಿಂತು ನಮೂನೆ ತುಂಬಿದರು. ತಡೆಯುವ ಕಾಗದ ಮೂರು ಕಡೆಯೂ ಸರ್ಕಾರದ ಯಾವುದೋ ಕಚೇರಿಯಲ್ಲಿ ಇದ್ದೇ ಇತ್ತು.

ಇಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮಾಹಿತಿ ಹಕ್ಕಿನಡಿ ನಿಮ್ಮ ನಿಮ್ಮ ಜಿಲ್ಲೆಗಳಲ್ಲಿ ಮೂರು ಪ್ರಶ್ನೆ ಕೇಳಿ: ಠಾಣೆಯ ವರದಿಗೆ ಕಾಯದೆ ಕೊಟ್ಟ ಪಿಸ್ತೂಲು ಲೈಸೆನ್ಸುಗಳೆಷ್ಟು, ಕಳೆದ 5 ವರ್ಷಗಳಲ್ಲಿ ರದ್ದಾದವೆಷ್ಟು, ರದ್ದಾದವರ ಆಯುಧ ಠಾಣೆಗೆ ಬಂದು ಸೇರಿದ್ದೆಷ್ಟು. ಬಂದ ಉತ್ತರಗಳನ್ನು ಒಟ್ಟುಗೂಡಿಸಿ ಮುಂದಿನ ವರ್ಷದ ಈ ದತ್ತಿ ಉಪನ್ಯಾಸಕರ ಕೈಗೆ ಕೊಡಿ.